ಹುದ್ದೆ ಬಿಟ್ಟ ನ್ಯಾಯಮೂರ್ತಿ

ನಮ್ಮ ಸಂಶಿಯು ಎರೆನೆಲದ ಊರು. ಹತ್ತಿ, ಜೋಳ, ಮೆಣಸಿನಕಾಯಿಗಳ ಮಾತು ನಡೆಯದ ಕಟ್ಟೆಯು ಇಲ್ಲಿಲ್ಲ. ಬದುವಿನ ವ್ಯಾಜ್ಯದ ಮಾತು ನಡೆಯದ ಕಟ್ಟೆಯೂ ಇಲ್ಲ. ನಮ್ಮ ಹಿರಿಯರ ಕಾಲಕ್ಕೆ ಧಾರವಾಡದ ಕೋರ್ಟಿನಲ್ಲಿ ಸೋತವನು ಮುಂಬಯಿಯ ಹಾಯ್‌ಕೋರ್ಟಿನ ಕಡೆಗೆ ಮುಖ ಮಾಡಬೇಕಾಗುತ್ತಿತ್ತು. 1956ರಲ್ಲಿ ಕನ್ನಡನಾಡು ಒಂದಾದ ಮೇಲೆ ಆ ದಾರಿಯು ಬೆಂಗಳೂರಿಗೆ ತಿರುಗಿತು. 2008ರಲ್ಲಿ ಹಾಯ್‌ಕೋರ್ಟಿನ ಪೀಠವು ಧಾರವಾಡಕ್ಕೇ ಬಂದಿತು. ಹೀಗೆ ಕೋರ್ಟು ಹತ್ತಿರ ಹತ್ತಿರ ಬಂದರೂ, ಅಲ್ಲಿ ಕುಳಿತು ತೀರ್ಪು ಹೇಳುವವರ ಬಾಳು ಎಂಥದೆಂಬದು ನಮ್ಮಂಥ ಗೃಹಸ್ಥರಿಗೆ ದೂರವಾಗಿಯೇ ಉಳಿದಿದೆ.

ನಮ್ಮ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಕಾಯದೆಯ ವ್ಯಾಸಂಗ ಮಾಡುತ್ತಿರುವಳು. ಒಂದು ಸಂಜೆ ರೇಲ್ವೆಯಿಂದಿಳಿದು ಬಂದವಳೇ, ಕಾಲು ತೊಳೆಯುವ ಮೊದಲೇ ಕೇಳಿದಳು: “ಅಜ್ಜಾ, ನ್ಯಾಯಾಧೀಶನಿಗೇ ಅನ್ಯಾಯವಾದರೆ ಅವನು ಯಾವ ಕೋರ್ಟಿಗೆ ಹೋಗಬೇಕು?” ನಾವು ಒಡನೆ ಉತ್ತರ ಕೊಡಲಾರದೆ, ಊಟವಾದ ಮೇಲೆ ಅವಳಿಗೆ ಒಬ್ಬರ ಕಥೆಯನ್ನು ಹೇಳಿದೆವು. ಅದನ್ನೇ ವಾಚಕರ ಮುಂದೆಯೂ ಇಡುವೆವು.

ಕೌಡೂರು ಸದಾನಂದ ಹೆಗ್ಡೆಯವರು 1909ನೆಯ ಇಸ್ವಿಯ ಜೂನ್ 11ರಂದು ಕಾರ್ಕಳದ ಬಳಿಯ ಕೌಡೂರಿನಲ್ಲಿ ಜನಿಸಿದರು. ಮಂಗಳೂರಿನಲ್ಲಿಯೂ ಮದರಾಸಿನಲ್ಲಿಯೂ ಓದಿ ವಕೀಲರಾದರು. ಸರಕಾರಿ ವಕೀಲರೂ ಆದರು. 1952ರಲ್ಲಿ ರಾಜ್ಯಸಭೆಯ ಸದಸ್ಯರಾದರು. 1957ರಲ್ಲಿ ಮೈಸೂರು ಹಾಯ್‌ಕೋರ್ಟಿನ ನ್ಯಾಯಮೂರ್ತಿಗಳಾಗಿ ನೇಮಕಗೊಂಡರು. ನಮ್ಮ ಧಾರವಾಡ ಜಿಲ್ಲೆಯ ಅಪೀಲುಗಳು ಆಗ ತಾನೇ ಆ ಕೋರ್ಟಿಗೆ ಹೋಗತೊಡಗಿದ್ದವು. 1966ರಲ್ಲಿ ದಿಲ್ಲಿಗೆ ಪ್ರತ್ಯೇಕ ಹಾಯ್‌ಕೋರ್ಟು ಆದಾಗ ಅದರ ಮೊದಲನೆಯ ಮುಖ್ಯ ನ್ಯಾಯಮೂರ್ತಿಗಳು ಇವರೇ. ಮರುವರ್ಷ, 1967ರ ಜುಲೈಯಲ್ಲಿ, ಸುಪ್ರೀಮ್ ಕೋರ್ಟಿಗೆ ಏರಿದರು. ದೇಶಕ್ಕೆಲ್ಲ ಒಂದಾದ ನ್ಯಾಯಸ್ಥಾನವು 1937ರಲ್ಲಿ ಫೆಡರಲ್ ಕೋರ್ಟೆಂಬ ಹೆಸರಿನಿಂದ ದಿಲ್ಲಿಯಲ್ಲಿ ಹುಟ್ಟಿತ್ತು. 1950ರಲ್ಲಿ ಅದರ ಸ್ಥಾನಕ್ಕೆ ಬಂದದ್ದೇ ಈ ಸುಪ್ರೀಮ್ ಕೋರ್ಟು.

ಇಷ್ಟರವರೆಗಿನ ಕಥೆಯು ಏಣಿಯ ಮೆಟ್ಟಿಲುಗಳನ್ನು ಎಣಿಸಿದಂತೆ ಇದೆ. ಮನುಷ್ಯನ ತೂಕವು ತಿಳಿಯುವದು ಏಣಿ ಅಲುಗಾಡಿದಾಗ.

ಕಾಸರಗೋಡಿನ ಬಳಿಯ ಎಡನೀರು ಮಠವು ಕನ್ನಡಿಗರಿಗೆ ಪರಿಚಿತವಾದದ್ದು. ಅದರ ಸ್ವಾಮಿಗಳಾದ ಶ್ರೀ ಕೇಶವಾನಂದ ಭಾರತಿಯವರು 1970ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಕೇರಳದ ಭೂಸುಧಾರಣೆಯ ಕಾಯದೆಯಿಂದ ಮಠದ ಭೂಮಿಗೆ ಬಾಧೆಯೊದಗಿತೆಂದು ಸುಪ್ರೀಮ್ ಕೋರ್ಟಿಗೆ ಮೊರೆಹೊಕ್ಕರು. ಭೂಮಿಯಿಂದ ಹುಟ್ಟಿದ ವ್ಯಾಜ್ಯವು ಬೆಳೆಬೆಳೆದು, ಪಾರ್ಲಿಮೆಂಟು ರಾಜ್ಯಘಟನೆಯನ್ನು ಮನಬಂದಂತೆ ತಿದ್ದಬಹುದೇ ಎಂಬ ಮಹಾಪ್ರಶ್ನೆಯಾಯಿತು. ಹದಿಮೂರು ಜನ ನ್ಯಾಯಮೂರ್ತಿಗಳು ಒಂದೇ ಪೀಠದಲ್ಲಿ ಕುಳಿತು 68 ದಿವಸ ವಾದವನ್ನು ಕೇಳಿದರು. 1973ರ ಎಪ್ರಿಲ್ 24ರಂದು ತೀರ್ಪು ಹೊರಬಿದ್ದಿತು: ತಿದ್ದುವ ಅಧಿಕಾರವು ಪಾರ್ಲಿಮೆಂಟಿಗೆ ಉಂಟು, ಆದರೆ ರಾಜ್ಯಘಟನೆಯ ಮೂಲ ಕಟ್ಟಡವನ್ನು ಕೆಡಿಸುವ ಅಧಿಕಾರವಿಲ್ಲ. ಈ ಪಕ್ಷಕ್ಕೆ ಏಳು ಜನ, ಎದುರಿಗೆ ಆರು ಜನ. ಮನೆಯನ್ನು ದುರಸ್ತಿ ಮಾಡಬಹುದು, ಅಡಿಪಾಯವನ್ನು ಕೀಳಬಾರದು ಎಂದು ನಾವು ಮೊಮ್ಮಗಳಿಗೆ ತಿಳಿಯಹೇಳಿದೆವು. ಏಳರ ಪಕ್ಷದಲ್ಲಿ ಹೆಗ್ಡೆಯವರೂ ಇದ್ದರು. ನ್ಯಾಯಮೂರ್ತಿ ಮುಖರ್ಜಿಯಾ ಅವರೊಡನೆ ಕೂಡಿ ತೀರ್ಪು ಬರೆದಿದ್ದರು.

ಅದರ ಮರುದಿನವೇ ಸರಕಾರವು ಹೊಸ ಮುಖ್ಯ ನ್ಯಾಯಮೂರ್ತಿಗಳ ಹೆಸರನ್ನು ಸಾರಿತು. ಸೇವೆಯಲ್ಲಿ ಹಿರಿಯರಾದ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನು ದಾಟಿ, ಅವರಿಗಿಂತ ಕಿರಿಯರಾದ ನ್ಯಾಯಮೂರ್ತಿ ರೇ ಅವರಿಗೆ ಆ ಪೀಠವು ದೊರೆಯಿತು. ದಾಟಲ್ಪಟ್ಟ ಮೂವರೂ ಏಳರ ಪಕ್ಷದವರು; ರೇ ಅವರು ಆರರ ಪಕ್ಷದವರು. ಮೂವರೂ ರಾಜೀನಾಮೆ ಇತ್ತರು. ಹೆಗ್ಡೆಯವರು ಎಪ್ರಿಲ್ 30ರಂದು ಹುದ್ದೆಯನ್ನು ಬಿಟ್ಟರು. ನಿವೃತ್ತಿಗೆ ಇನ್ನೂ ವರ್ಷಕ್ಕೆ ಮಿಕ್ಕಿದ ಅವಧಿಯಿತ್ತು. ಸರದಿಯು ಸರಿಯಾಗಿ ನಡೆದಿದ್ದರೆ ಅವರೇ ಮುಖ್ಯ ನ್ಯಾಯಮೂರ್ತಿಗಳಾಗುವ ಸಂಭವವೂ ಇತ್ತು.

ಆ ವರ್ತಮಾನವನ್ನು ಪತ್ರಿಕೆಯಲ್ಲಿ ಓದಿದಾಗ ನಾವು ಹೊಸದಾಗಿ ಶಾಲಾಮಾಸ್ತರಿಕೆಗೆ ಸೇರಿದವರು. ಮನೆಯಲ್ಲಿ ನಾಲ್ಕಾರು ಸಲ ಗಟ್ಟಿಯಾಗಿ ಓದಿ ಹೇಳಿದೆವು. ತರುಣ ವಯಸ್ಸಿಗೆ ಪರರ ತ್ಯಾಗವು ಬಹಳ ಸುಲಭವಾಗಿ ಕಾಣುವದು.

ಹದಿನೈದು ವರ್ಷಗಳಾದ ಮೇಲೆ ಅಂಥದೇ ಸಂಗತಿಯು, ಸಾಸಿವೆಯ ಕಾಳಿನಷ್ಟು ಪ್ರಮಾಣದಲ್ಲಿ, ನಮಗೂ ಬಂದೊದಗಿತು. ನಾವಿದ್ದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಸ್ಥಾನವು ತೆರವಾಯಿತು, ಸರದಿಯು ನಮ್ಮದಿದ್ದಿತು, ಹುದ್ದೆಯು ನಮಗಿಂತ ಆರು ವರ್ಷ ಕಿರಿಯರಾದವರಿಗೆ ಹೋಯಿತು. ಆ ರಾತ್ರಿ ದೀಪದ ಮುಂದೆ ಕುಳಿತು ರಾಜೀನಾಮೆಯನ್ನು ಬರೆದೆವು. ಅಕ್ಷರಗಳು ದುಂಡಗೆ ಬಂದವೆಂಬ ಅಭಿಮಾನವೂ ನಮಗಾಯಿತು. ಮನೆಯವರು ಅದನ್ನು ಓದಿ ಮಡಚಿ, “ಹೆಗ್ಡೆಯವರು ತೀರ್ಪು ಬರೆದು ಮುಗಿಸಿ ಎದ್ದರಂತ ನೀವೇ ಹೇಳಿದ್ರಿ. ನಿಮ್ಮ ಹುಡುಗರ ಪರೀಕ್ಷೆ ಇನ್ನೂ ಮುಗಿದಿಲ್ಲಲ್ಲ?” ಎಂದರು.

ಅದಕ್ಕೆ ಉತ್ತರವಿರಲಿಲ್ಲ. ಪರೀಕ್ಷೆಯವರೆಗೆ ಕಾಯುವದೆಂದು ನಿಶ್ಚಯಿಸಿದೆವು. ಪರೀಕ್ಷೆಯು ಮುಗಿಯಿತು; ಬೇಸಿಗೆ ಬಂದಿತು; ಮಗಳ ಮದುವೆಯ ಮಾತು ಹೊರಟಿತು; ಕಾಗದವು ಪೆಟ್ಟಿಗೆಯ ತಳದಲ್ಲಿಯೇ ಉಳಿಯಿತು. ಹೆಗ್ಡೆಯವರಿಗೆ ಮರಳಿ ಹಿಡಿಯಲು ಬೇರೆ ಕೆಲಸವಿತ್ತು, ನಮಗೆ ಸಂಬಳವೊಂದೇ ಆಧಾರವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಮಾತೇನೋ ಸುಳ್ಳಲ್ಲ. ಆದರೆ ನಾವು ನಿಂತದ್ದು ಹುಡುಗರಿಗಾಗಿಯೋ ಅಂಜಿಕೆಯಿಂದಲೋ ಎಂಬದು ನಮಗೆ ಇಂದಿಗೂ ಬಗೆಹರಿದಿಲ್ಲ. ಇದನ್ನು ಮೊಮ್ಮಗಳ ಮುಂದೆ ಮೊದಲ ಸಲ ಬಾಯಿಬಿಟ್ಟು ಒಪ್ಪಿಕೊಂಡೆವು.

“ಹೆಗ್ಡೆಯವರಿಗೆ ಕಡೆಗೆ ನ್ಯಾಯ ಸಿಕ್ಕಿತೇ?” ಎಂದು ಅವಳು ಬಿಡದೆ ಕೇಳಿದಳು. ಕಳೆದುಹೋದ ಪೀಠವು ಅವರಿಗೆ ದೊರೆಯಲಿಲ್ಲ. ಆದರೆ 1977ರಲ್ಲಿ ಬೆಂಗಳೂರು ದಕ್ಷಿಣದ ಮತದಾರರು ಅವರನ್ನು ಲೋಕಸಭೆಗೆ ಆರಿಸಿ ಕಳಿಸಿದರು. ಅದೇ ಜುಲೈಯಲ್ಲಿ ಅವರು ಸಭಾಧ್ಯಕ್ಷರಾದರು. 1980ರ ಜನವರಿಯವರೆಗೆ ಆ ಸ್ಥಾನದಲ್ಲಿದ್ದರು. ನ್ಯಾಯಪೀಠದಿಂದ ಇಳಿದವರು ರಾಜಕಾರಣಕ್ಕೆ ಹೋಗಬಹುದೇ ಎಂದು ಕೇಳುವವರುಂಟು. ಅದು ಕೇಳತಕ್ಕ ಮಾತೇ. 1979ರಲ್ಲಿ ನಿಟ್ಟೆಯಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿದರು. 1990ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಮಕ್ಕಳಾದ ಸಂತೋಷ ಹೆಗ್ಡೆಯವರು 1999ರಲ್ಲಿ ತಂದೆಯು ಬಿಟ್ಟುಬಂದ ಆ ಕೋರ್ಟಿನಲ್ಲಿಯೇ ನ್ಯಾಯಮೂರ್ತಿಗಳಾದರು. ಹಿರಿಯರನ್ನು ದಾಟುವ ಪದ್ಧತಿಯು 1977ರ ಜನವರಿಯಲ್ಲಿ ನ್ಯಾಯಮೂರ್ತಿ ಖನ್ನಾ ಅವರ ವಿಷಯದಲ್ಲಿ ಮತ್ತೊಮ್ಮೆ ನಡೆದು, ಅಲ್ಲಿಗೇ ನಿಂತಿತು. ಎಡನೀರು ಸ್ವಾಮಿಗಳಿಗೆ ತಮ್ಮ ಭೂಮಿಯ ವಿಷಯದಲ್ಲಿ ಜಯವಾಗಲಿಲ್ಲ. ಆದರೆ 2020ರಲ್ಲಿ ಅವರು ದೇಹಬಿಟ್ಟಾಗ ದೇಶವೆಲ್ಲ ಅವರ ಹೆಸರನ್ನು ನೆನೆಯಿತು. ಮೂಲ ಕಟ್ಟಡದ ಆ ತತ್ತ್ವವು ಇಂದಿಗೂ ಅಳಿದಿಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗಳು ಪೆಟ್ಟಿಗೆಯನ್ನು ಹುಡುಕಿ ನಮ್ಮ ಹಳೆಯ ಕಾಗದವನ್ನು ತೆಗೆದಳು. ಹರಿದು ಹಾಕುವಳೆಂದು ನಾವು ತಿಳಿದಿದ್ದೆವು. ಅವಳು ಅದನ್ನು ತನ್ನ ಕಾಯದೆಯ ಪುಸ್ತಕದಲ್ಲಿ ಇಟ್ಟುಕೊಂಡು, “ಇದು ನನ್ನ ಹತ್ತಿರ ಇರಲಿ, ಅಜ್ಜಾ, ಎಂದಾದರೂ ನನಗೇ ಬೇಕಾದೀತು” ಎಂದು ಸ್ಟೇಶನ್ನಿನ ಕಡೆಗೆ ಹೊರಟಳು.