ಪಂಚಾಂಗದ ಅಂಚಿನಲ್ಲಿ

ನಮ್ಮ ತೀರ್ಥರೂಪರಿಗೆ ದಿನಚರಿ ಬರೆಯುವ ಅಭ್ಯಾಸವಿರಲಿಲ್ಲ. ಆದರೆ 1958ರಿಂದ ಮೊದಲ್ಗೊಂಡು 24 ವರ್ಷಗಳ ಪಂಚಾಂಗಗಳನ್ನು ಎಸೆಯದೆ ಕಟ್ಟಿಟ್ಟಿದ್ದರು. ಯಲಹಂಕದ ಹಳೆಯ ಮನೆಯನ್ನು ತೆರವು ಮಾಡುವಾಗ ಆ ಕಟ್ಟು ನನ್ನ ಕೈಗೆ ಬಂದಿತು. ಬಿಚ್ಚಿ ನೋಡಿದರೆ, ಒಂದೊಂದು ಮಳೆಯ ನಕ್ಷತ್ರದ ಎದುರಿಗೂ ಅಂಚಿನಲ್ಲಿ ಸೀಸದಕಡ್ಡಿಯ ಬರಹ: ‘ಭರಣಿ. ಹದವಾದ ಮಳೆ. ಹೊಂಗೆ ಹೂ ಉದುರಿತು.’ ‘ಆರಿದ್ರೆ. ಬರೀ ಗಾಳಿ.’ ಇಷ್ಟೇ.

ಇಂಗ್ಲೆಂಡಿನ ನಾರ್ಫಕ್ ಪ್ರಾಂತದಲ್ಲಿ ರಾಬರ್ಟ್ ಮಾರ್ಷಮ್ ಎಂಬ ಗೃಹಸ್ಥನು 1736ರಲ್ಲಿ ಇಂಥದೇ ಕೆಲಸವನ್ನು ಪ್ರಾರಂಭಿಸಿದನು. ಮರಗಳ ಮೊದಲ ಎಲೆ, ಕಾಡುಗಿಡಗಳ ಮೊದಲ ಹೂವು, ಕಪ್ಪೆಯ ಮೊದಲ ಕೂಗು, ಹೀಗೆ ವಸಂತದ 27 ಚಿಹ್ನೆಗಳನ್ನು ವರ್ಷವರ್ಷವೂ ಗುರುತುಮಾಡಿದನು. ಅವನ ವಂಶಸ್ಥರು ಅದನ್ನು 1958ರವರೆಗೂ ನಡೆಸಿಕೊಂಡು ಬಂದರು. ಅಲ್ಲಿ ಅದು ನಿಂತ ವರ್ಷವೇ ನಮ್ಮ ತಂದೆಯವರ ಬರಹ ಮೊದಲಾದುದು ಕೇವಲ ಕಾಕತಾಳೀಯ. ಆದರೂ ಅದನ್ನು ನೆನೆದಾಗ ನನಗೊಂದು ಬಗೆಯ ಸಂತೋಷವಾಗುತ್ತದೆ.

ನಾನೂ ಮುಂದುವರಿಸೋಣವೆಂದು ಒಂದು ಪುಸ್ತಕವನ್ನು ಹಿಡಿದು ಯಲಹಂಕ ಕೆರೆಯ ಏರಿಯಿಂದ ಪುಟ್ಟೇನಹಳ್ಳಿಯ ಕಡೆಗೆ ನಡೆಯಲಾರಂಭಿಸಿದೆನು. ಮೊದಲಲ್ಲಿಯೇ ಎಡವಿದೆ. ಯುಗಾದಿಗೆ ಹೊಂಗೆ ಹೂ ಬಿಡಬೇಕೆಂದು ನಮ್ಮ ತಾಯಿಯವರು ಹೇಳುತ್ತಿದ್ದರು. 2023ರಲ್ಲಿ ‘ಯುಗಾದಿ ಕಳೆದರೂ ಹೂವಿಲ್ಲ’ ಎಂದು ಬರೆದೆ. 2024ರಲ್ಲಿ ‘ಯುಗಾದಿಗೆ ಬಹಳ ಮುಂಚೆಯೇ ಹೂವು’ ಎಂದು ಬರೆದೆ. ಬಿಸಿಲಿನ ತಾಪವು ಮರಕ್ಕೆ ಅವಸರ ಹಿಡಿಸಿದೆಯೆಂದು ಸ್ನೇಹಿತರ ಮುಂದೆ ಗಂಭೀರವಾಗಿ ಉಪನ್ಯಾಸವನ್ನೂ ಮಾಡಿದೆನು. ಆಮೇಲೆ ತಾರೀಖುಗಳನ್ನು ನೋಡಿದರೆ ಮೊದಲ ಹೂವು ಕಂಡುದು 2023ರಲ್ಲಿ ಏಪ್ರಿಲ್ 2, 2024ರಲ್ಲಿ ಮಾರ್ಚ್ 31. ಮರವು ಬದಲಾಯಿಸಿದ್ದು ಎರಡೇ ದಿನ. ಬದಲಾದದ್ದು ಹಬ್ಬ! 2023ರ ಯುಗಾದಿ ಮಾರ್ಚ್ 22ರಂದು. ನಡುವೆ ಅಧಿಕ ಶ್ರಾವಣವು ಬಂದುದರಿಂದ ಮರುವರ್ಷದ ಯುಗಾದಿ ಏಪ್ರಿಲ್ 9ಕ್ಕೆ ಹೋಯಿತು. ಚಂದ್ರನ ಲೆಕ್ಕದ ಹಬ್ಬವನ್ನು ಗೂಟವೆಂದು ನಂಬಿ, ಸೂರ್ಯನನ್ನು ನಂಬಿದ ಮರದ ಮೇಲೆ ನಾನು ತಪ್ಪು ಹೊರಿಸಿದ್ದೆ.

ತಂದೆಯವರು ಮಾತ್ರ ಈ ತಪ್ಪನ್ನು ಮಾಡಿರಲಿಲ್ಲ. ಮಳೆಯ ನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸತಕ್ಕವು. ಅಶ್ವಿನಿ ಪ್ರತಿವರ್ಷವೂ ಏಪ್ರಿಲ್ 13–14ರ ಸುಮಾರಿಗೆ, ಭರಣಿ 27ರ ಸುಮಾರಿಗೆ ಹುಟ್ಟುತ್ತದೆ. ಸುಮಾರು 70 ವರ್ಷಗಳಿಗೆ ಒಂದು ದಿನ ಜರುಗಿದರೆ ಹೆಚ್ಚು. ಉಳುವವನಿಗೆ ಬೇಕಾದುದು ಈ ಲೆಕ್ಕವೇ. ಆದುದರಿಂದ ಅವರ ಒಂದೊಂದು ಸಾಲನ್ನೂ ನನ್ನ ಸಾಲಿನ ಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು.

ಹಾಗೆ ನೋಡುತ್ತ 1972ಕ್ಕೆ ಬಂದೆನು. ಆಶ್ಲೇಷೆಯವರೆಗೂ ಬರಹವಿದೆ. ಅಲ್ಲಿಂದ ಮುಂದೆ ಮಖೆ, ಹುಬ್ಬೆ, ಉತ್ತರೆ, ಹಸ್ತೆ, ಚಿತ್ತೆ, ಈ ಐದರ ಎದುರಿಗೂ ಅಂಚು ಬರಿದು. ಆ ವರ್ಷ ದೇಶದ ಬಹುಭಾಗಕ್ಕೆ ಮುಂಗಾರು ಕೈಕೊಟ್ಟಿತ್ತು. ಮಳೆಯಿಲ್ಲದುದರಿಂದ ಬರೆಯಲಿಲ್ಲವೆಂದು ತಿಳಿದು ಮುಂದಿನ ಪುಟಕ್ಕೆ ಹೋಗಬಹುದಾಗಿತ್ತು. ಆದರೆ ನನ್ನ ತಮ್ಮನು ತೀರಿಕೊಂಡದ್ದು ಆ ವರ್ಷದ ಶ್ರಾವಣದಲ್ಲಿ, ಮಖೆ ಹುಟ್ಟಿದ ಮೂರನೆಯ ದಿನ. ಅವನಿಗೆ ಒಂಬತ್ತು ವರ್ಷ. ಮಳೆ ಬರಲಿಲ್ಲವೋ, ಬಂದುದನ್ನು ತಂದೆಯವರು ನೋಡಲಿಲ್ಲವೋ? ಸ್ವಾತಿಯ ಎದುರಿಗೆ ಮತ್ತೆ ಅದೇ ಅಕ್ಷರ: ‘ಒಂದು ಹದ. ಏರಿಯ ಮೇಲೆ ತುಂಬೆ ಹೂ.’

ಹೆಬ್ಬಾಳದಲ್ಲೋ ನಗರದಲ್ಲೋ ಅಳೆದ ಮಳೆಯ ಲೆಕ್ಕವನ್ನು ನೋಡಬಾರದೇಕೆಂದು ಸ್ನೇಹಿತರೊಬ್ಬರು ಕೇಳಿದರು. ನೋಡಬಹುದು. ಆದರೆ ಹೆಬ್ಬಾಳದಲ್ಲಿ ಮಳೆ ಸುರಿಯುತ್ತಿರುವಾಗ ಯಲಹಂಕದ ಏರಿಯ ಮೇಲೆ ಧೂಳೆದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮಿಲಿಮೀಟರುಗಳ ಲೆಕ್ಕ ದೊರೆತರೂ ಅದು ಆ ಹೊಲದ ಲೆಕ್ಕವಾಗದು. ನಮ್ಮ ಮನೆಯ ಲೆಕ್ಕವಂತೂ ಆಗದು.

ಅಂದಿನಿಂದ ನಾನು ಬರಿದು ಬಿಡುವುದನ್ನು ನಿಲ್ಲಿಸಿದೆನು. 2024ರ ಏಪ್ರಿಲಿನಲ್ಲಿ ನಗರದ ವೀಕ್ಷಣಾಲಯಕ್ಕೆ ಮಳೆಯೇ ಸಿಕ್ಕಲಿಲ್ಲ, ನನ್ನ ಪುಸ್ತಕದಲ್ಲಿ ಅಶ್ವಿನಿಯ ಎದುರಿಗೆ ‘ನೋಡಿದೆ, ಮಳೆಯಿಲ್ಲ’ ಎಂದಿದೆ. ಜ್ವರದಿಂದ ಮಲಗಿದ್ದಾಗ ‘ನೋಡಲಿಲ್ಲ’ ಎಂದಿದೆ. ಗಿಡಗಳಿಗೂ ಇದೇ ನಿಯಮ. ತಂದೆಯವರ ಬರಹದಲ್ಲಿ ಕಾಂಗ್ರೆಸ್ ಗಿಡದ ಹೆಸರಿಲ್ಲ. 1950ರ ದಶಕದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದ ಆ ಕಳೆ ಇಂದು ಏರಿಯ ಉದ್ದಕ್ಕೂ ತುಂಬೆಯ ಜಾಗವನ್ನು ತಿನ್ನುತ್ತಿದೆ. ಅವರ ಕಾಲದಲ್ಲಿ ಅದು ಇಲ್ಲಿಗೆ ಬಂದಿರಲಿಲ್ಲವೋ, ಬಂದಿದ್ದರೂ ಹೆಸರಿಸಲು ಅವರಿಗೆ ಮನಸ್ಸಾಗಲಿಲ್ಲವೋ!

ಮೊನ್ನೆ ಮೊಮ್ಮಗಳು ಈ ಬರಹಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಕುಳಿತಳು. 1972ಕ್ಕೆ ಬಂದಾಗ, “ತಾತ, ಇಲ್ಲಿ ಐದು ಸೊನ್ನೆ ಹಾಕಲೇ?” ಎಂದು ಕೇಳಿದಳು. ಬೇಡಮ್ಮ, ಹಾಗೆಯೇ ಬಿಡು ಎಂದೆನು. ಏಕೆಂದು ಕೇಳಿದಳು. ಅವಳಿಗೆ ತಮ್ಮನ ಹೆಸರನ್ನು ಹೇಳಿದ್ದು ಅಂದೇ ಮೊದಲು.