ಕಿವಿಗೊಟ್ಟು ನೋಡಿದ ಗೋಕಾಕ

ಗೋಕಾಕ ಎಂದೊಡನೆ ನಿಮಗೆ ಮೊದಲು ನೆನಪಾಗುವುದೇನು? ಕರದಂಟೇ ಅಲ್ಲವೆ? ಆಮೇಲೆ ಜಲಪಾತ. ಆಮೇಲೆ ಮಕ್ಕಳಾಡುವ ಬಣ್ಣದ ಕಟ್ಟಿಗೆಯ ಹಣ್ಣುಗಳು. ಹೋದವರು ಮಾಡುವುದೂ ಅಷ್ಟೇ. ಬಸ್ಸಿಳಿದು ನೀರು ನೋಡುವುದು, "ಅಬ್ಬಾ!" ಎನ್ನುವುದು, ಫೋಟೋ ತೆಗೆಸಿಕೊಳ್ಳುವುದು, ಎರಡು ಡಬ್ಬಿ ಕರದಂಟು ಕಟ್ಟಿಸಿಕೊಂಡು ಸಂಜೆಯ ಬಸ್ಸಿಗೆ ಊರು ಸೇರುವುದು. ಅರ್ಧ ದಿನದ ಪ್ರವಾಸ. ಈ ಸಲ ನಾವು ನಾಲ್ವರು ಹೆಂಗಸರು ಇಡೀ ದಿನ ಅಲ್ಲಿ ಸುತ್ತಿದರೂ ಸಾಲಲಿಲ್ಲ. ಏಕೆಂದರೆ ದಾರಿಯುದ್ದಕ್ಕೂ ನಮ್ಮ ಕಿವಿಯಲ್ಲಿ ಒಬ್ಬರು ಮಾತಾಡುತ್ತಿದ್ದರು.

ನಿಮ್ಮಲ್ಲಿ ಮೈಸೂರು ಅರಮನೆ ನೋಡಿದವರಿಗೆ ಈ ಏರ್ಪಾಡು ಗೊತ್ತಿರಬಹುದು. ಅಲ್ಲಿ ಬೇಕೆಂದವರಿಗೆ ಒಂದು ಚಿಕ್ಕ ಯಂತ್ರ ಕೊಡುತ್ತಾರೆ. ಆಯಾ ಜಾಗದಲ್ಲಿ ನಿಂತು ಅಲ್ಲಿನ ನಂಬರು ಒತ್ತಿದರೆ ಆ ಕೋಣೆಯ ಕಥೆ ಕನ್ನಡದಲ್ಲಿಯೇ ಕೇಳುತ್ತದೆ. ಅವಸರದ ಗೈಡಿನ ಹಿಂದೆ ಓಡುವ ಕಷ್ಟವಿಲ್ಲ. ಸಾಕೆನಿಸಿದರೆ ನಿಲ್ಲಿಸಬಹುದು, ತಿಳಿಯದಿದ್ದರೆ ಮತ್ತೆ ಕೇಳಬಹುದು. ನಾವು ಅಂಥದನ್ನೇ ಗೋಕಾಕಿಗೆ ಮನೆಯಲ್ಲಿ ಸಿದ್ಧಮಾಡಿಕೊಂಡು ಹೋಗಿದ್ದೆವು. ಯಂತ್ರ ನಮ್ಮ ನಮ್ಮ ಮೊಬೈಲು. ದನಿ ನಮ್ಮ ಯಜಮಾನರ ಕಾಕಾನದು.

ಕಾಕಾ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿದವರು. ಈಗ ಎಂಬತ್ತು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪೇಟೆಗೇ ನುಗ್ಗಿದಳಲ್ಲ, ಲೋಳಸೂರ ಸೇತುವೆ ಮುಳುಗಿತ್ತಲ್ಲ, ಆಗ ಅವರ ಮನೆಯಲ್ಲೂ ಎದೆಮಟ್ಟ ನೀರು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಟ್ರಂಕಿನಲ್ಲಿದ್ದ ಫೋಟೋ ಆಲ್ಬಮ್ಮುಗಳೆಲ್ಲ ಕೆಸರಿನ ಮುದ್ದೆಯಾದವು. ಕಾಲೋನಿಯ ದಿನಗಳ ಒಂದು ಚಿತ್ರವೂ ಉಳಿಯಲಿಲ್ಲ. ಆಗಲೇ ನಮ್ಮ ಮೈದುನನ ಮಗ, "ಅಜ್ಜಾ, ಚಿತ್ರ ಹೋದ್ರ ಹೋಗ್ಲಿ, ನೀ ಬಾಯಿಲೇ ಹೇಳು" ಎಂದು ಎದುರಿಗೆ ಕೂತು ಹನ್ನೊಂದು ತುಣುಕು ರೆಕಾರ್ಡ್ ಮಾಡಿದ. ಒಂದೊಂದು ಜಾಗಕ್ಕೆ ಒಂದೊಂದು.

ಇನ್ನು ಜಲಪಾತಕ್ಕೆ ಬನ್ನಿ. ರೈಲಿನಲ್ಲಿ ಬರುವವರು ಗೋಕಾಕ ರೋಡ್ ಸ್ಟೇಷನ್ನಿನಲ್ಲೋ ಘಟಪ್ರಭಾದಲ್ಲೋ ಇಳಿಯಬಹುದು. ಗೋಕಾಕ ಪೇಟೆಯಿಂದ ಫಾಲ್ಸಿಗೆ ಆರು ಕಿಲೋಮೀಟರ್. ಮಳೆಗಾಲ, ಅಂದರೆ ಜುಲೈಯಿಂದ ಸೆಪ್ಟೆಂಬರ್, ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹೋದರೆ ಕಾಣುವುದು ಬರೀ ಬಂಡೆ. ನದಿ 171 ಅಡಿ, ಈಗಿನ ಲೆಕ್ಕದಲ್ಲಿ 52 ಮೀಟರ್, ಒಮ್ಮೆಲೇ ಕೆಳಕ್ಕೆ ಬೀಳುತ್ತದೆ. ಬೀಳುವ ಅಂಚು ಕುದುರೆಯ ಲಾಳದಂತೆ ಬಾಗಿದೆ. ನೀರಿನ ಬಣ್ಣ ಮಾತ್ರ ಹಾಲಲ್ಲ ಹೈನಲ್ಲ, ನಾವು ಮಾಡುವ ಚಹಾದ ಬಣ್ಣ! ಹೊಲದ ಮಣ್ಣನ್ನೆಲ್ಲ ತೊಳೆದುಕೊಂಡು ಬರುವ ನೀರು ಇನ್ನು ಹೇಗಿದ್ದೀತು?

ಇಲ್ಲಿ ಮೊದಲನೆಯ ತುಣುಕು ಹಾಕಿದೆವು. ಕಾಕಾನದು ಗಂಟಲು ದೊಡ್ಡದು. ಸಾವಿರಾರು ಕದಿರುಗಳ ಸದ್ದಿನ ನಡುವೆ ಮಾತಾಡಿ ರೂಢಿಯಾದವರೆಲ್ಲ ಹಾಗೆಯೇ. ಜಲಪಾತದ ಭೋರ್ಗರೆತದಲ್ಲೂ ಸ್ಪಷ್ಟ ಕೇಳಿತು.

"ನೋಡ್ರೆವಾ, ಎಲ್ಲಾರೂ ಬೀಳೂ ನೀರು ನೋಡತಾರ. ನೀವು ಈಗ ಅದನ್ನ ಬಿಡ್ರಿ. ದಂಡಿ ಮ್ಯಾಲ ಕಟ್ಟಡ ಕಾಣತಾವಲ್ಲ, ಅದನ್ನ ನೋಡ್ರಿ. ಈ ನೀರಿಗೆ ಕೆಲಸಾ ಹಚ್ಚಿದ ಮನಿ ಅದು."

ನಿಜ. ನೀರಿನ ಬಲ ನೋಡಿಯೇ ಇಲ್ಲಿ ಗಿರಣಿ ಕಟ್ಟಿದ್ದು. ಕಂಪನಿ ಹುಟ್ಟಿದ್ದು 1885ರಲ್ಲಿ. ಗೋಕಾಕ ವಾಟರ್ ಪವರ್ ಆಂಡ್ ಮ್ಯಾನುಫ್ಯಾಕ್ಚರಿಂಗ್ ಎಂಬ ಅದರ ಹಳೆಯ ಹೆಸರಿನಲ್ಲೇ ನೀರಿನ ಬಲ ಮೊದಲು, ತಯಾರಿಕೆ ಆಮೇಲೆ. ಕೆಳಗಿನ ಕಣಿವೆಯಲ್ಲಿ ವಿದ್ಯುತ್ ಮನೆ. 1887ರಲ್ಲಿಯೇ ಇಲ್ಲಿ ಕರೆಂಟು ಹುಟ್ಟಿತು, ಏಷ್ಯಾದಲ್ಲೇ ಮೊದಲು ಎಂದು ಇಲ್ಲಿಯ ಜನ ಎದೆ ತಟ್ಟಿ ಹೇಳುತ್ತಾರೆ. ಪುಸ್ತಕಗಳು ಮಾತ್ರ ಭಾರತದ ಮೊದಲ ಜಲವಿದ್ಯುತ್ತಿಗೆ 1897ರ ಡಾರ್ಜಿಲಿಂಗಿನ ಹೆಸರು, ನಮ್ಮ ಶಿವನಸಮುದ್ರಕ್ಕೆ 1902 ಎಂದು ಬರೆಯುತ್ತವೆ. ಕಾಕಾ ಈ ಜಗಳಕ್ಕೆ ಹೋಗುವುದಿಲ್ಲ. "ಮೊದಲೋ ಎರಡನೇದೋ, ನೀರು ಚಕ್ರಾ ತಿರಗಿಸಿತು, ಚಕ್ರಾ ಕದರು ತಿರಗಿಸಿತು" ಎಂದು ಮುಗಿಸಿಬಿಡುತ್ತಾರೆ.

ಗಿರಣಿಯ ಗೇಟಿನೊಳಗೆ ನಾವು ಹೋಗಲಿಲ್ಲ. ಹೊರಗಿನ ಮರದ ನೆರಳಲ್ಲಿ ಕೂತು ಮೂರನೆಯ ತುಣುಕು ಕೇಳಿದೆವು. ಗಟ್ಟಿ ಬಿಗಿದ ಅರಳೆಯ ಅಂಡಿಗೆ ಒಡೆಯುವುದರಿಂದ ಶುರು. ಅರಳೆ ಬಿಡಿಸುವುದು, ಕಸ ತೆಗೆಯುವುದು, ಬಾಚುವುದು, ಹಂಜಿಯಾಗಿ ಎಳೆಯುವುದು, ಕೊನೆಗೆ ರಿಂಗ್ ಫ್ರೇಮಿನಲ್ಲಿ ಹುರಿಗೊಳಿಸಿ ಬಾಬಿನ್ನಿಗೆ ಸುತ್ತುವುದು. ಅಲ್ಲಿ ಗಾಳಿ ಯಾವಾಗಲೂ ತೇವವಾಗಿರಬೇಕಂತೆ, ಒಣಗಿದರೆ ಎಳೆ ಪಟಪಟ ಕಡಿಯುತ್ತದೆ. ಸೀರೆ ಕೊಳ್ಳುವಾಗ ಅಂಗಡಿಯವನು "ಇದು ನಲವತ್ತರ ನೂಲು, ಇದು ಅರವತ್ತರದ್ದು" ಎನ್ನುತ್ತಾನಲ್ಲ, ನಾವು ತಿಳಿದವರಂತೆ ತಲೆಯಾಡಿಸುತ್ತೇವಲ್ಲ, ಅದರ ಗುಟ್ಟೂ ಇಲ್ಲಿ ಸಿಕ್ಕಿತು. ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೋ ಅದೇ ಆ ನೂಲಿನ ನಂಬರು. ನಲವತ್ತರ ನೂಲಾದರೆ ಒಂದು ಪೌಂಡಿನಲ್ಲಿ 33,600 ಗಜ, ಅಂದರೆ ಸುಮಾರು 30 ಕಿಲೋಮೀಟರ್! ಅರ್ಧ ಕಿಲೋ ಕೂಡ ಇಲ್ಲದ ಹತ್ತಿಯಲ್ಲಿ ಫಾಲ್ಸಿನಿಂದ ಗೋಕಾಕ ಪೇಟೆಗೆ ಎರಡು ಸಲ ಹೋಗಿ ಬಂದರೂ ಮಿಗುವಷ್ಟು ಎಳೆ.

ಈ ತುಣುಕಿನ ನಡುವೆ ಒಂದು ವಿಶೇಷ ನಡೆದಿದೆ. ಕಾಕಾ ಪಾಳಿಯ ವಿಷಯ ಹೇಳುತ್ತಿರುವಾಗ ಒಳಗಿನಿಂದ, ಬಹುಶಃ ಅಡಿಗೆಮನೆಯಿಂದ, ಕಾಕಿಯ ದನಿ ಬರುತ್ತದೆ. ಪಾತ್ರೆಯ ಸದ್ದೂ ಇದೆ. "ಭೋಂಗಾದ್ದು ಹೇಳ್ರಿ, ಭೋಂಗಾದ್ದು!" ಕಾಕಾ ಹೇಳುವಷ್ಟರಲ್ಲಿ ಆಕೆಯೇ ಬಾಗಿಲಿಗೆ ಬಂದು ಶುರುಮಾಡುತ್ತಾರೆ. ಹುಡುಗ ಅದನ್ನು ಅಳಿಸಬೇಕೆಂದಿದ್ದನಂತೆ. ಸದ್ಯ, ಅಳಿಸಲಿಲ್ಲ.

ಆ ಕಾಲದಲ್ಲಿ ಕಾಲೋನಿಯ ಹೆಂಗಸರಿಗೆ ಗಡಿಯಾರವೇ ಬೇಕಿರಲಿಲ್ಲವಂತೆ. ಗಿರಣಿಯ ಭೋಂಗಾ ಕೂಗಿದರೆ ಗಂಟೆ ಎಷ್ಟೆಂದು ಕೂಸಿಗೂ ಗೊತ್ತು. ಮೊದಲ ಭೋಂಗಾಕ್ಕೆ ಮುಂಚೆ ರೊಟ್ಟಿ ಬಡಿದು, ಪಲ್ಯ ಮಾಡಿ, ಬುತ್ತಿ ಕಟ್ಟಿ ಮುಗಿದಿರಬೇಕು. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗಿದರೆ ಮಕ್ಕಳನ್ನು ಪಕ್ಕದ ಮನೆಗೆ ಅಟ್ಟಬೇಕು. ಆ ಮನೆಯವರ ಪಾಳಿ ಬದಲಾದಾಗ ಅವರ ಮಕ್ಕಳು ಇವರ ಮನೆಗೆ. ಗಂಡಸರ ತಲೆಯಲ್ಲಿ, ಮೀಸೆಯಲ್ಲಿ ಅರಳೆಯ ಎಳೆ. ಅಂಗಿಯನ್ನು ಮೊದಲು ಅಂಗಳದಲ್ಲಿ ಝಾಡಿಸಿ ಆಮೇಲೆ ನೀರಿಗೆ ಹಾಕಬೇಕು. ಹಾಗೇ ಹಾಕಿದರೆ ಬಕೀಟಿನ ತುಂಬ ಅರಳೆ. "ಅವರದು ಎಂಟ ತಾಸಿನ ಪಾಳಿ. ಮೂರು ಮಂದಿ ಹಂಚಿಕೊಂಡು ಮಾಡತಿದ್ರು. ನಂದು ಒಬ್ಬಾಕೀದ ಪಾಳಿ, ಭೋಂಗಾ ಹೊಡದ್ರೂ ಮುಗೀತಿದ್ದಿಲ್ಲ" ಎಂದು ಕಾಕಿ ನಗುತ್ತಾರೆ. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಭಾಗವನ್ನು ಮತ್ತೆರಡು ಸಲ ಹಾಕಿ ಕೇಳಿದೆವು. ಹೇಳಿ, ಯಾವ ಊರಿನ ಫಲಕದ ಮೇಲೆ ಇದು ಬರೆದಿರುತ್ತದೆ? ಗಿರಣಿಯ ಇಸವಿ ಎಲ್ಲಿ ಬೇಕಾದರೂ ಸಿಗುತ್ತದೆ. ಅಂಗಿ ಝಾಡಿಸಿದ ಅಂಗಳದ ಕಥೆ ಕಾಕಿಯೊಬ್ಬರ ಹತ್ತಿರವೇ ಇರುವುದು.

ತೂಗುಸೇತುವೆ ಸುಮಾರು 200 ಮೀಟರ್ ಉದ್ದ. ಅದರ ಮೇಲೆ ಬಿಡುವುದೂ ಬಿಡದಿರುವುದೂ ಆಯಾ ಕಾಲದ ಅಪ್ಪಣೆ, ಕಾವಲಿನವರ ಜೊತೆ ವಾದಕ್ಕಿಳಿಯಬೇಡಿ. ಬಂಡೆಯ ಅಂಚಿಗಂತೂ ಬೇಡವೇ ಬೇಡ. ಪಾಚಿ ಕಟ್ಟಿದ ಕಲ್ಲಿಗೆ ನಿಮ್ಮ ಚಪ್ಪಲಿಯ ಬೆಲೆ ಗೊತ್ತಿಲ್ಲ. ನಡೆಯುವಾಗ ಕಿವಿಯಿಂದ ತೆಗೆದುಬಿಡಿ, ಕೂತಾಗ ಮಾತ್ರ ಕೇಳಿ. ದಂಡೆಯ ಮಹಾಲಿಂಗೇಶ್ವರ ಗುಡಿ ಚಾಲುಕ್ಯರ ಕಾಲದ ಶೈಲಿಯದು, ಗಿರಣಿಗಿಂತ ಅದೆಷ್ಟೋ ನೂರು ವರ್ಷ ಹಿರಿಯದು. ಕಾಕಾ ಅದರ ಬಗ್ಗೆ ಹೇಳಿದ್ದು ಎರಡೇ ಮಾತು, "ಕೈ ಮುಗೀರಿ, ನೆಳ್ಳಾಗ ಕುಂತು ಬುತ್ತಿ ಬಿಚ್ಚರಿ." ಹಾಗೆಯೇ ಮಾಡಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು.

ಗೋಕಾಕ ಪೇಟೆಯಲ್ಲಿ ಹೆಚ್ಚು ಹೊತ್ತು ಹೋಗಿದ್ದು ಗೊಂಬೆಗಳಲ್ಲಿ. ಹಗುರ ಕಟ್ಟಿಗೆ ಕೆತ್ತಿ ಬಣ್ಣ ಕೊಟ್ಟ ಬಾಳೆಹಣ್ಣು, ಮಾವಿನಹಣ್ಣು, ಬದನೆಕಾಯಿ. ನಮ್ಮವಳೊಬ್ಬಳು ಬದನೆಕಾಯಿಯನ್ನು ಒತ್ತಿ ನೋಡಿಯೇ ಬಿಟ್ಟಳು, ಎಳೆಯದೋ ಬಲಿತದ್ದೋ ಎಂದು! ಕರದಂಟಿನ ಹೆಸರೇ ಅದರ ರೀತಿ ಹೇಳುತ್ತದೆ, ಕರಿದ ಅಂಟು. ಮನೆಯಲ್ಲಿ ಮಾಡುವವರು ಒಂದು ಮಾತು ನೆನಪಿಡಿ. ಅಂಟನ್ನು ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಹದ ಉರಿಯಲ್ಲಿ ಅರಳಿಸಿ. ಒಂದೇ ಸಲ ಸುರಿದರೆ ಮೇಲೆ ಅರಳಿ ಒಳಗೆ ಹಸಿ ಉಳಿದು ಹಲ್ಲಿಗೆ ಅಂಟುತ್ತದೆ. ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ ಬೇರೆಬೇರೆಯಾಗಿ ಹುರಿದು ಬೆಲ್ಲದ ಪಾಕಕ್ಕೆ ಕೂಡಿಸುವುದು. ಅಂದಹಾಗೆ, 1982ರ ಗೋಕಾಕ ಚಳವಳಿಗೂ ಈ ಊರಿಗೂ ನೇರ ಸಂಬಂಧವಿಲ್ಲ. ಆ ಹೆಸರು ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರಿಂದ ಬಂದದ್ದು. ಮಕ್ಕಳು ಕೇಳಿದರೆ ಹೇಳಲು ಬೇಕಾಗುತ್ತದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಹೊಳೆಯ ಮೇಲ್ದಿಕ್ಕಿಗೆ, ಹುಕ್ಕೇರಿಯ ಕಡೆ ನಡೆಯಿರಿ. ಇದೇ ಘಟಪ್ರಭೆಗೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಅದಕ್ಕೆ. ಅಲ್ಲಿ ನೀರು ಬಿಟ್ಟರೆ ಫಾಲ್ಸಿನಲ್ಲಿ ಸಂಭ್ರಮ. ಹುಕ್ಕೇರಿ ಊರಿನಲ್ಲಿ ಆದಿಲಶಾಹಿ ಕಾಲದ ಗುಂಬಜುಗಳಿವೆ. ಅಲ್ಲಿ ಕಾಕಾನ ದನಿ ಇರಲಿಲ್ಲ, ನಮ್ಮ ಗೆಳತಿಯೊಬ್ಬಳ ತವರು ಹುಕ್ಕೇರಿ, ಆಕೆಯ ತಾಯಿ ಮಾತಾಡಿದ್ದರು. ಗುಂಬಜಿನ ಬಗ್ಗೆ ಆ ತಾಯಿ ಹೇಳಿದ್ದು ಸ್ವಲ್ಪ. ಹೇಳಿದ್ದೆಲ್ಲ ಹುಕ್ಕೇರಿಯ ವಿದ್ಯುತ್ ಸಹಕಾರ ಸಂಘದ್ದು. ಜನರೇ ಸದಸ್ಯರಾಗಿ 1969ರಲ್ಲಿ ಕಟ್ಟಿದ ಸಂಘ, ಹಳ್ಳಿಹಳ್ಳಿಗೆ ಕರೆಂಟು ಒಯ್ದದ್ದು. ಮನೆಗೆ ಮೊದಲ ಬಲ್ಬು ಬಂದ ದಿನ ಅತ್ತೆಯವರು ಅದಕ್ಕೂ ಕುಂಕುಮ ಹಚ್ಚಹೋಗಿ ಕೈ ಸುಟ್ಟುಕೊಂಡರಂತೆ! ಗುಂಬಜಿನ ನೆರಳಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು.

ಮೂಡಲಗಿಯ ಕಡೆಗೆ ಈ ಸಲ ಆಗಲಿಲ್ಲ. ಶ್ರೀಕೃಷ್ಣ ಪಾರಿಜಾತದ ಸೀಮೆ ಅದು. ಕುಲಗೋಡ ತಮ್ಮಣ್ಣನ ಊರು ಆ ಬದಿಗೇ. ಹೆಣ್ಣುಮಗಳಾಗಿ ತನ್ನದೇ ಪಾರಿಜಾತದ ಮೇಳ ಕಟ್ಟಿ ಹೆಸರಾದ ಕೌಜಲಗಿ ನಿಂಗಮ್ಮನನ್ನು ಕಣ್ಣಾರೆ ಕಂಡ ಅಜ್ಜಿಯಂದಿರು ಆ ಊರುಗಳಲ್ಲಿ ಇನ್ನೂ ಯಾರಾದರೂ ಇದ್ದಾರು. ಅವರನ್ನು ಹುಡುಕಿ ಮಾತಾಡಿಸುವ ಆಸೆಯಿದೆ. ಅದಕ್ಕೆ ಮಾತ್ರ ತಡಮಾಡುವಂತಿಲ್ಲ.

ನೀವೂ ಮಾಡುವುದಾದರೆ ಕಷ್ಟವೇನಿಲ್ಲ. ಹಿರಿಯರ ಎದುರು ಫೋನು ಇಟ್ಟು ಮರೆತಂತೆ ಇರಿ. ಚೀಟಿ ನೋಡಿ ಓದಿಸಬೇಡಿ, ಓದಿದರೆ ರೇಡಿಯೋ ವಾರ್ತೆಯಾಗುತ್ತದೆ. "ಅಲ್ಲಿಂದ ಎಡಕ್ಕೆ ತಿರುಗಿದರೆ ಏನಿತ್ತು?" ಎಂಥ ಪ್ರಶ್ನೆ ಕೇಳಿ. ತುಣುಕು ಐದು ನಿಮಿಷ ಮೀರದಿರಲಿ, ಪ್ರತಿಯೊಂದಕ್ಕೂ ನಂಬರು ಕೊಟ್ಟು ಜಾಗದ ಹೆಸರು ಹಾಕಿಡಿ. ಫೋನಿನಲ್ಲೇ ಉಳಿಸಿಕೊಂಡರೆ ಸಿಗ್ನಲ್ಲಿನ ಹಂಗಿಲ್ಲ. ಇನ್ನೊಂದು ಪ್ರತಿ ಬೇರೆ ಊರಿನ ಮಗಳ ಹತ್ತಿರವೋ ಸೊಸೆಯ ಹತ್ತಿರವೋ ಇರಲಿ, ನೆರೆ ಎಲ್ಲರ ಮನೆಗೂ ಒಟ್ಟಿಗೆ ಬರುವುದಿಲ್ಲ. ಮತ್ತು ಅಡಿಗೆಮನೆಯಿಂದ ದನಿ ಬಂದರೆ ನಿಲ್ಲಿಸಬೇಡಿ.

ಊರಿಗೆ ಬಂದ ಮೇಲೆ ಕಾಕಿಗೆ ಫೋನ್ ಮಾಡಿ, "ನಿಮ್ಮದೇ ಬೇರೆ ಹನ್ನೊಂದು ತುಣುಕು ಬೇಕು" ಎಂದೆವು. ಮೊದಲು ನಾಚಿಕೊಂಡರು, "ನಂದೇನೈತೆವಾ ಹೇಳಾಕ" ಎಂದರು. ಆಮೇಲೆ ಒಪ್ಪಿದರು. ಶರತ್ತು ಒಂದೇ. ತಾವು ಮಾತಾಡುವಷ್ಟು ಹೊತ್ತು ಕಾಕಾನನ್ನು ಯಾರಾದರೂ ಕಟ್ಟೆಗೆ ಕರೆದುಕೊಂಡು ಹೋಗಬೇಕು.