ಹಿಂದಿನ ಚಕ್ರ ಕೂಗಿದಾಗ

ಜೂನ್ 21ರಿಂದ ಸೆಪ್ಟೆಂಬರ್ 21ರ ತನಕ ಸಲಾಲಾದಲ್ಲಿ ಖರೀಫ್. ಗಲ್ಫಿನ ಉಳಿದ ಕಡೆ ಜನ ಬಿಸಿಲಿಗೆ ಬೇಯುವಾಗ ಇಲ್ಲಿ ಜಿನುಗು ಮಳೆ, ಮಂಜು, ಹಸಿರು ಬೆಟ್ಟ. ರಸ್ತೆಬದಿಯಲ್ಲಿ ಎಳನೀರು, ಬಾಳೆಹಣ್ಣು, ಪಪ್ಪಾಯಿ ಮಾರುವ ಅಂಗಡಿ ಕಂಡರೆ ನಮ್ಮ ಕರಾವಳಿಯವರಿಗೆ ಊರೇ ನೆನಪಾಗುತ್ತದೆ. ನೋಡಲು ಬರುವವರಿಗೆ ಇದೆಲ್ಲ ಚಂದ. ಗಾಡಿ ಓಡಿಸಿ ಹೊಟ್ಟೆ ಹೊರೆಯುವ ನಾವು ಮಾತ್ರ ಈ ಮೂರು ತಿಂಗಳು ಒಂದು ಕಿವಿಯನ್ನು ಬ್ರೇಕಿನ ಮೇಲೆ ಇಟ್ಟೇ ಇರಬೇಕು.

ಕಾರಣ ಸರಳ. ಒಂದು ಕಡೆ ಸಮುದ್ರದ ಉಪ್ಪುಗಾಳಿ, ಇನ್ನೊಂದು ಕಡೆ ಬೆಟ್ಟದ ಮಂಜು. ಅದೇ ಬೆಟ್ಟ ಹತ್ತಿ ತುಮ್ರೈತ್ ಕಡೆ ಇಳಿದರೆ ಹಿಟ್ಟಿನಂಥ ಮರಳಿನ ಧೂಳು. ಒಂದೇ ದಿನದಲ್ಲಿ ಗಾಡಿ ಈ ಮೂರನ್ನೂ ಕಾಣುತ್ತದೆ. ಒದ್ದೆಯಾದ ಡ್ರಮ್ಮಿನೊಳಗೆ ಧೂಳು ಸೇರಿ ಕೆಸರಾಗುತ್ತದೆ, ಕೆಸರು ಒಣಗಿ ಗಟ್ಟಿಯಾಗುತ್ತದೆ, ಆಮೇಲೆ ಹಿಂದಿನಿಂದ ಕೀಂ ಅಂತ ಶುರು.

ನಮ್ಮ ರೂಮಿನಲ್ಲಿ ಏಳು ಜನ, ಅದರಲ್ಲಿ ಮೂವರು ಡ್ರೈವರುಗಳು. ಕಳೆದ ಖರೀಫಿನಲ್ಲಿ ನಾವು ಕೆಲಸಕ್ಕೆ ಹೋಗಿ ಬರುತ್ತಿದ್ದ ಕಂಪನಿ ವ್ಯಾನಿನ ಹಿಂದಿನಿಂದ ಸದ್ದು ಬರತೊಡಗಿತು. ಸೈಟು ಬೆಟ್ಟದ ಮೇಲೆ. ಸಂಜೆ ಇಳಿಯುವಾಗ ಮಂಜು ಎಷ್ಟಿರುತ್ತಿತ್ತು ಎಂದರೆ ಎದುರಿನ ಗಾಡಿಯ ಲೈಟು ಹತ್ತಿರ ಬಂದ ಮೇಲೆಯೇ ಕಾಣುತ್ತಿತ್ತು. ಒಳಗೆ ಹನ್ನೊಂದು ಜನ. ಕುಂದಾಪುರದ ಅಣ್ಣ ಹಿಂದಿನ ಸೀಟಿನಿಂದ, "ಎಂತ ಮಾರಾಯ, ಚಕ್ರದಡಿ ಹಂದಿಮರಿ ಸಿಕ್ಕಿಬಿದ್ದ ಹಾಗೆ ಕೂಗ್ತದಲ್ಲ!" ಎಂದಾಗ ಎಲ್ಲರೂ ನಕ್ಕೆವು. ಆದರೆ ಇಳಿಜಾರಿನ ಪ್ರತಿ ತಿರುವಿನಲ್ಲೂ ಅದೇ ಕೂಗು ಕೇಳಿದ ಮೇಲೆ ಯಾರೂ ನಗಲಿಲ್ಲ.

ಗ್ಯಾರೇಜಿನವರು ಕೂಗುತ್ತಿದ್ದ ಎಡಗಡೆಯ ಡ್ರಮ್ ಬಿಚ್ಚಿ, ಧೂಳು ತೆಗೆದು, ಶೂಗಳನ್ನು ಉಜ್ಜುಕಾಗದದಲ್ಲಿ ಉಜ್ಜಿ ಕೊಟ್ಟರು. ಹತ್ತು ದಿನ ಸದ್ದಿಲ್ಲ. ಹನ್ನೊಂದನೇ ದಿನ ಮತ್ತೆ ಅದೇ ರಾಗ. ಸೂಪರ್‌ವೈಸರ್‌ಗೆ ಹೇಳಿದರೆ, "ಬ್ರೇಕ್ ಹಿಡೀತದೆ ತಾನೇ? ಓಡಿಸಿ" ಎಂಬ ಉತ್ತರ. ಆಗ ನಮ್ಮಲ್ಲಿ ಹಿರಿಯರಾದ ಪುತ್ತೂರಿನ ಕಾಕಾ, ಊರಿನಲ್ಲಿ ಹಲವು ವರ್ಷ ಬಸ್ಸಿನ ಮೆಕ್ಯಾನಿಕ್ ಆಗಿದ್ದವರು, ಒಂದು ಶುಕ್ರವಾರ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಸದ್ದು ಎಲ್ಲಿಂದ ಬರ್ತದೆ ಅಂತ ಮಾತ್ರ ಕೇಳಿದರೆ ಸಾಲದು. ಯಾವಾಗ ಬರ್ತದೆ, ಯಾವಾಗ ನಿಲ್ತದೆ ಅಂತಲೂ ಕೇಳ್ಬೇಕು." ಅವರು ಅಂದು ತೋರಿಸಿಕೊಟ್ಟದ್ದನ್ನು, ಆಮೇಲೆ ನಾವು ಕೈಯಾರೆ ಮಾಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸದ್ದು ಯಾಕೆ ಬರುತ್ತದೆ ಎಂಬುದು. ಸ್ಲೇಟಿನ ಮೇಲೆ ಬಳಪ ಓರೆಯಾಗಿ ಎಳೆದರೆ ಕಿರ್ ಎನ್ನುತ್ತದಲ್ಲ, ಅದೇ ಕತೆ. ಬಳಪ ಕ್ಷಣಕ್ಕೊಮ್ಮೆ ಅಂಟುತ್ತದೆ, ಜಾರುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗೆ ಆದರೆ ಅದು ಕೂಗಾಗುತ್ತದೆ. ಬ್ರೇಕಿನಲ್ಲಿ ಶೂವಿನ ಲೈನಿಂಗೇ ಬಳಪ, ಡ್ರಮ್ಮೇ ಸ್ಲೇಟು. ಇಲ್ಲಿ ನಾವು ಓಡಿಸುವ ಪಿಕಪ್, ವ್ಯಾನುಗಳಲ್ಲಿ ಬಹಳಷ್ಟಕ್ಕೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರಮ್ಮೆಂದರೆ ಮುಚ್ಚಿದ ಪಾತ್ರೆ. ಒಳಗಿನ ಧೂಳು ಹೊರಗೆ ಹೋಗುವುದಿಲ್ಲ, ಒಳಗಿನ ಸ್ಥಿತಿ ಹೊರಗಿನವರಿಗೆ ಕಾಣುವುದಿಲ್ಲ.

ಹೊತ್ತು ನೋಡಿ. ಬೆಳಿಗ್ಗೆ ಗಾಡಿ ತೆಗೆದಾಗ ಎರಡು ಮೂರು ಬ್ರೇಕಿಗೆ ಮಾತ್ರ ಸದ್ದು ಬಂದು ಆಮೇಲೆ ನಿಂತರೆ ಹೆಚ್ಚಾಗಿ ಅದು ರಾತ್ರಿಯ ತೇವಕ್ಕೆ ಹಿಡಿದ ತೆಳು ತುಕ್ಕು. ಓಡಿದಂತೆ ಉಜ್ಜಿಹೋಗುತ್ತದೆ. ನೀರು ನಿಂತ ರಸ್ತೆ ದಾಟಿದ ಮೇಲೆ ಬಂದರೆ ಡ್ರಮ್ ಒದ್ದೆಯಾಗಿದೆ ಎಂದರ್ಥ. ನಿಧಾನಕ್ಕೆ ಹೋಗುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಒತ್ತಿ ಒಣಗಿಸಿಕೊಳ್ಳಬೇಕು. ಆದರೆ ಗಾಡಿ ಬಿಸಿಯಾದ ಮೇಲೆ, ಇಳಿಜಾರಿನಲ್ಲಿ, ದಿನವೂ ಸದ್ದು ಬಂದರೆ ಅದನ್ನು ಮಳೆಗಾಲದ ತಲೆಗೆ ಕಟ್ಟಬೇಡಿ.

ಆಮೇಲೆ ಕಾಲು ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ಕೂಗಿದರೆ ಧೂಳು, ಹೊಳಪೇರಿದ ಲೈನಿಂಗು, ಸವೆದ ಶೂ, ಒಣಗಿದ ಉಜ್ಜುಜಾಗಗಳು, ಇವುಗಳಲ್ಲಿ ಒಂದಿರಬಹುದು. ಒತ್ತದಿದ್ದಾಗಲೂ ಕೂಗಿದರೆ ಶೂ ಪೂರ್ತಿ ಹಿಂದೆ ಸರಿಯುತ್ತಿಲ್ಲ: ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು ಸಿಕ್ಕಿರಬಹುದು, ಸ್ಪ್ರಿಂಗು ಸಡಿಲವಾಗಿರಬಹುದು. ಹಿಂದೆಯೂ ಡಿಸ್ಕ್ ಇರುವ ಗಾಡಿಯಾದರೆ, ಪ್ಯಾಡ್ ಮುಗಿಯುತ್ತಾ ಬಂದಾಗ ಡಿಸ್ಕಿಗೆ ತಾಗಿ ಕೂಗಲೆಂದೇ ಹಲವು ಪ್ಯಾಡ್‌ಗಳಲ್ಲಿ ಒಂದು ಪುಟ್ಟ ತಗಡಿನ ತುಂಡು ಇರುತ್ತದೆ. ಆ ಕೂಗು ದೋಷವಲ್ಲ, ನೋಟೀಸು. ಕೂಗು ಹೋಗಿ ಗರಗರ ಎಂದು ಅರೆಯುವ ಸದ್ದು ಬಂದರೆ ಲೈನಿಂಗ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ. ಆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು.

ಸದ್ದು ಹಿಂದಿನದೇ ಹೌದೋ ಅಂತ ಖಚಿತ ಮಾಡಿಕೊಳ್ಳಲು ಖಾಲಿ ಮೈದಾನದಲ್ಲಿ, ಒಣ ನೆಲದಲ್ಲಿ, ಒಳಗೆ ಯಾರನ್ನೂ ಕೂರಿಸದೆ, 15-20 ಕಿ.ಮೀ. ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಬಟನ್ ಒತ್ತಿ ಹಿಡಿದುಕೊಂಡೇ ಲಿವರನ್ನು ನಿಧಾನಕ್ಕೆ ಎಳೆಯಿರಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಅದೇ ಕೂಗು ಬಂದರೆ ಜಾಗ ಗೊತ್ತಾಯಿತು.

ಕೊನೆಗೆ ಬಿಸಿ ನೋಡಿ. ನಮ್ಮ ವ್ಯಾನಿನ ಗುಟ್ಟು ಸಿಕ್ಕಿದ್ದು ಇಲ್ಲಿ. ಬೆಟ್ಟ ಇಳಿದು ಬಂದ ಕೂಡಲೇ ಕಾಕಾ ಎರಡೂ ಹಿಂದಿನ ಚಕ್ರಗಳ ಬಳಿ ಅಂಗೈ ಒಡ್ಡಿದರು. ಮುಟ್ಟಲಿಲ್ಲ, ಮುಟ್ಟಿದರೆ ಚರ್ಮ ಹೋಗುತ್ತದೆ. ಎಡಗಡೆಯದು ದೋಸೆಕಾವಲಿಯ ಹಾಗೆ ಕಾದಿತ್ತು. ಬಲಗಡೆಯದು ಹೆಚ್ಚುಕಮ್ಮಿ ತಣ್ಣಗೆ. "ಕೂಗುವುದು ಎಡದ್ದು, ರೋಗ ಬಲದ್ದು" ಎಂದರು.

ಎರಡನ್ನೂ ಬಿಚ್ಚಿದಾಗ ಅವರ ಮಾತು ನಿಜವಾಯಿತು. ಬಲಗಡೆಯ ಶೂಗಳು ಹೊಸದರ ಹಾಗಿದ್ದವು, ಯಾಕೆಂದರೆ ಕೆಲಸವನ್ನೇ ಮಾಡಿರಲಿಲ್ಲ. ಅಲ್ಲಿನ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಹಾಗಾಗಿ ಹಿಂದಿನ ಇಡೀ ಭಾರ ಎಡದ ಚಕ್ರದ ಮೇಲೆ ಬಿದ್ದು, ಅದರ ಲೈನಿಂಗ್ ಬೆಂದು ಗಾಜಿನ ಹಾಗೆ ಹೊಳೆಯುತ್ತಿತ್ತು. ಒಬ್ಬ ರಜೆ ಹಾಕಿದ ದಿನ ಇನ್ನೊಬ್ಬ ಇಬ್ಬರ ಗಾರೆಬಾಣಲೆ ಹೊತ್ತ ಹಾಗೆ. ಎಡದ್ದನ್ನು ಎಷ್ಟು ಸಲ ಉಜ್ಜಿದರೂ ಹತ್ತು ದಿನಕ್ಕೆ ಮತ್ತೆ ಕೂಗದೆ ಇನ್ನೇನು ಮಾಡೀತು? ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದ್ದರೆ ಒಂದೇ ಕಡೆ ಹಿಡಿದು ಗಾಡಿ ಓರೆಯಾಗುತ್ತಿತ್ತು. ಬೆಟ್ಟದ ರಸ್ತೆಯಲ್ಲಿ, ಮಂಜಿನಲ್ಲಿ, ಒಂಟೆ ಅಡ್ಡ ಬಂದಾಗ ಅಂಥದ್ದಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಡ್ರಮ್ ಬಿಚ್ಚಿದಾಗ ನೋಡಬೇಕಾದ್ದು ಇಷ್ಟು. ಲೈನಿಂಗ್ ಎಷ್ಟು ಉಳಿದಿದೆ? ಸಾಮಾನ್ಯವಾಗಿ 1ರಿಂದ 1.5 ಮಿ.ಮೀ.ಗೆ ಇಳಿದರೆ ಬದಲಿಸಬೇಕು, ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿರುತ್ತದೆ. ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಒಳಗೆ ಒದ್ದೆಯಿದೆಯೇ? ಇದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ. ಆಕ್ಸಲ್ ಸೀಲಿನಿಂದ ಗೇರ್ ಎಣ್ಣೆ ಬಂದಿದೆಯೇ? ಎಣ್ಣೆ ಕುಡಿದ ಲೈನಿಂಗನ್ನು ತೊಳೆದು ಹಾಕುವ ಹಾಗಿಲ್ಲ, ಬದಲಿಸಬೇಕು. ಶೂವಿನ ಅಂಚು ಹಿಂದಿನ ತಟ್ಟೆಗೆ ಉಜ್ಜುವ ಜಾಗಗಳಲ್ಲಿ ಕುಳಿ ಬಿದ್ದಿದೆಯೇ? ಅಲ್ಲಿಗೆ ಮಾತ್ರ, ಬಿಸಿ ತಡೆಯುವ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಬೇಕು. ಡ್ರಮ್ಮಿನೊಳಗೆ ಬೆರಳು ಸಿಕ್ಕುವಷ್ಟು ಗೀರುಗಳಿದ್ದರೆ ಲೇತಿಗೆ ಕೊಡಬೇಕು ಅಥವಾ ಬದಲಿಸಬೇಕು. ಒಳಗಳತೆ ಎಷ್ಟರ ತನಕ ಹೋಗಬಹುದೆಂದು ಡ್ರಮ್ಮಿನ ಮೇಲೆಯೇ ಅಚ್ಚೊತ್ತಿರುವುದುಂಟು. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆಯನ್ನೂ ಬಿಚ್ಚಲೇಬೇಕು. ಶೂ ಹಾಕುವಾಗಲೂ ಎರಡೂ ಕಡೆ ಒಟ್ಟಿಗೇ.

ಬ್ರೇಕ್ ಆಯಿಲನ್ನೂ ಮರೆಯಬಾರದು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಅದು ಕುದ್ದರೆ ಪೆಡಲು ನೆಲಕ್ಕೆ ಹೋಗುತ್ತದೆ. ಸಿಲಿಂಡರಿನೊಳಗೆ ತುಕ್ಕು ಹಿಡಿಸುವುದೂ ಇದೇ ನೀರು. ನಮ್ಮ ವ್ಯಾನಿನ ಆಯಿಲ್ ಕರಿಚಾದ ಬಣ್ಣಕ್ಕೆ ಬಂದಿತ್ತು.

ಕೆಲಸ ಮಾಡುವವರ ಜೀವದ ಬಗ್ಗೆಯೂ ಒಂದು ಮಾತು. ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದಬೇಡಿ, ಗಾಳಿಯ ಪೈಪಿನಿಂದಲೂ ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಕೂಡ ಬರಬಹುದು, ಅದೂ ಊರಿಗೆ ಮರಳಿ ಎಷ್ಟೋ ವರ್ಷಗಳಾದ ಮೇಲೆ. ಬ್ರೇಕ್ ಕ್ಲೀನರ್ ಅಥವಾ ಸೋಪಿನ ನೀರು ಹಾಕಿ ಒದ್ದೆ ಮಾಡಿ ಒರೆಸಿ. ಗಾಡಿಯನ್ನು ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಇಡಿ. ಸದ್ದು ನಿಲ್ಲಲಿ ಎಂದು ಡ್ರಮ್ಮಿನೊಳಗೆ ಎಣ್ಣೆ ಸಿಂಪಡಿಸುವವರನ್ನೂ ಕಂಡಿದ್ದೇವೆ. ಸದ್ದು ನಿಲ್ಲುತ್ತದೆ, ಆಮೇಲೆ ಗಾಡಿ ನಿಲ್ಲುವುದಿಲ್ಲ.

ಇನ್ನು ಮೇಲಿನವರಿಗೆ ಹೇಳುವ ವಿಷಯ. ಗಾಡಿ ನಮ್ಮದಲ್ಲ, ರಿಪೇರಿಯ ಹಣವೂ ನಮ್ಮದಲ್ಲ, ಒಳಗೆ ಕೂರುವ ಜೀವ ಮಾತ್ರ ನಮ್ಮದು. "ಸದ್ದು ಬರ್ತದೆ ಸಾರ್" ಎಂಬ ಬಾಯಿಮಾತು ಗಾಳಿಯಲ್ಲಿ ಹೋಗುತ್ತದೆ. ನಾವು ಒಂದು ಹಾಳೆಯಲ್ಲಿ ತಾರೀಖು, ಕಿಲೋಮೀಟರ್ ರೀಡಿಂಗ್, ಯಾವಾಗ ಸದ್ದು, ಯಾವ ಚಕ್ರ ಬಿಸಿ, ಯಾವುದು ತಣ್ಣಗೆ ಎಂದು ನಾಲ್ಕು ಸಾಲು ಬರೆದು, ಸಿಕ್ಕಿಕೊಂಡ ಪಿಸ್ಟನ್ನಿನ ಫೋಟೋ ಸೇರಿಸಿ ವಾಟ್ಸಾಪಿನಲ್ಲಿ ಕಳಿಸಿದೆವು. ಜಗಳ ಮಾಡಲಿಲ್ಲ. ಮರುದಿನ ವ್ಯಾನು ರಸ್ತೆಗಿಳಿಯಲಿಲ್ಲ, ಬದಲಿಗೆ ಬೇರೆ ಗಾಡಿ ಬಂತು. ಎರಡು ದಿನದಲ್ಲಿ ಎರಡೂ ಕಡೆಗೆ ಹೊಸ ಸಿಲಿಂಡರು, ಹೊಸ ಶೂ, ಹೊಸ ಆಯಿಲು ಬಿದ್ದವು. ಬರೆದು ಕಳಿಸಿದ ಮೇಲೆ ಯಾರೂ "ನಮಗೆ ಗೊತ್ತಿರಲಿಲ್ಲ" ಅನ್ನುವ ಹಾಗಿಲ್ಲ, ಅದು ಅವರಿಗೂ ಗೊತ್ತು.

ಇತ್ತೀನ್ ರಸ್ತೆಯಲ್ಲಿರಲಿ, ಮುಗ್ಸೈಲ್ ದಾಟಿ ಸರ್ಫೈತ್ ಕಡೆಯ ತಿರುವುಗಳಲ್ಲಿರಲಿ, ಇಳಿಯುವಾಗ ಸಣ್ಣ ಗೇರಿನಲ್ಲಿ ಇಳಿಯಿರಿ. ಬ್ರೇಕನ್ನು ಒತ್ತಿಯೇ ಇಟ್ಟುಕೊಂಡು ಬರಬೇಡಿ. ಕೆಳಗೆ ಬಂದು ನಿಲ್ಲಿಸಿದ ಮೇಲೆ ಒಂದು ನಿಮಿಷ ಗಾಡಿಯ ಸುತ್ತ ನಡೆದು ನಾಲ್ಕೂ ಚಕ್ರಗಳ ಬಳಿ ಅಂಗೈ ಒಡ್ಡಿ ನೋಡಿ. ಕೂಗುವ ಚಕ್ರದ ಹತ್ತಿರ ಎಲ್ಲರೂ ಹೋಗುತ್ತಾರೆ. ನೀವು ಸುಮ್ಮನಿರುವ ಚಕ್ರದ ಹತ್ತಿರವೂ ಹೋಗಿ. ಅನುಮಾನ ಬಂದರೆ ಶುಕ್ರವಾರ ಸಂಜೆ ನಮ್ಮ ರೂಮಿನ ಕಡೆ ಬನ್ನಿ. ಕಾಕಾ ಇರುತ್ತಾರೆ, ಚಾ ಕೂಡ ಇರುತ್ತದೆ.